ರಾಜಕಾಲುವೆಗೆ ಕೈ ಹಾಕುವ ಮುನ್ನ

ಪ್ರತಿ ವರ್ಷ ನಡೆಯುವುದು ಇದೇ ಅಲ್ಲವೇ? ಸೆಪ್ಟೆಂಬರಿನಲ್ಲಿ ಮನೆಯೊಳಗೆ ನೀರು ನುಗ್ಗುತ್ತದೆ. ಅಕ್ಟೋಬರಿನಲ್ಲಿ ಬಡಾವಣೆಯ ಸಂಘದವರೆಲ್ಲ ಸೇರುತ್ತೀರಿ. ನವೆಂಬರಿನಲ್ಲಿ ಪಾಲಿಕೆಗೆ ಅರ್ಜಿ ಹೋಗುತ್ತದೆ: ‘ನಮ್ಮ ರಾಜಕಾಲುವೆಗೆ ಎರಡೂ ಕಡೆ ಕಾಂಕ್ರೀಟ್ ಗೋಡೆ ಕಟ್ಟಿಸಿಕೊಡಿ.’ ಡಿಸೆಂಬರಿನ ಚಳಿಗೆ ಎಲ್ಲರಿಗೂ ಮರೆತುಹೋಗುತ್ತದೆ. ಮೇ ತಿಂಗಳಲ್ಲಿ ಮೊದಲ ಗುಡುಗು ಕೇಳಿದಾಗ ಮತ್ತೆ ಫೋನು, ಮತ್ತೆ ಓಡಾಟ. ಬೆಂಕಿ ಬಿದ್ದಾಗ ಬಾವಿ ತೋಡಿದರು ಅನ್ನುವ ಗಾದೆಯನ್ನು ಬೇರೆಯವರಿಗೆ ಹೇಳಿ ನಗುತ್ತೇವೆ. ನೀರು ಬಂದಾಗ ಕಾಲುವೆ ತೋಡಲು ಹೊರಡುವ ನಮಗೂ ಅದು ಸಲ್ಲುತ್ತದೆ.

ಬೇಸರ ಮಾಡಿಕೊಳ್ಳಬೇಡಿ. ಸಾಲ ಮಾಡಿ ಮನೆ ಕಟ್ಟಿದ್ದೀರಿ, ಸೋಫಾದಿಂದ ಮಕ್ಕಳ ಪುಸ್ತಕದ ತನಕ ನೆನೆದು ಹೋಗಿರುವುದನ್ನು ಕಂಡಿದ್ದೀರಿ. ಆದಷ್ಟು ಬೇಗ ಏನಾದರೂ ಆಗಲಿ ಅನ್ನುವ ನಿಮ್ಮ ಆತುರ ಸಹಜ. ಆದರೆ ಆತುರಗಾರನಿಗೆ ಬುದ್ಧಿ ಮಟ್ಟ ಅಂತ ಹಿರಿಯರು ಸುಮ್ಮನೆ ಹೇಳಿಲ್ಲ. ಕಾಲುವೆ ಸರಿಪಡಿಸುವುದೆಂದರೆ ಗೋಡೆ ಕಟ್ಟುವುದಲ್ಲ. ಮೇಲಿನ ದಿಬ್ಬದಿಂದ ಕೆಳಗಿನ ಕೆರೆಯ ತನಕ ನೀರಿನ ಇಡೀ ದಾರಿಯನ್ನು ಒಂದೇ ಸಂಸಾರವೆಂದು ಎಣಿಸಿ ಯೋಚಿಸುವುದು. ಬೆಂಗಳೂರಿನ ಹೊರವಲಯದಲ್ಲಿರುವ ನಿಮ್ಮನ್ನೇ ಮನಸ್ಸಿನಲ್ಲಿಟ್ಟುಕೊಂಡು ಹೇಳುತ್ತಿದ್ದೇನೆ. ಮೈಸೂರು, ತುಮಕೂರು, ಹುಬ್ಬಳ್ಳಿಯ ಅಂಚಿನಲ್ಲಿ ಹೊಸ ಸೈಟು ಕೊಂಡವರೂ ಕೇಳಿಸಿಕೊಂಡರೆ ನಷ್ಟವಿಲ್ಲ.

ಮೊದಲು ನೀರಿನ ದಾರಿ ತಿಳಿಯಿರಿ

ಬೆಂಗಳೂರಿನಲ್ಲಿ ಹೇಳಿಕೊಳ್ಳುವಂಥ ನದಿಯಿಲ್ಲ, ಹಾಗಾಗಿ ಪ್ರವಾಹ ಹೇಗೆ ಬರುತ್ತದೆ ಎಂದು ಕೇಳುವವರಿದ್ದಾರೆ. ಊರು ಕೂತಿರುವುದು ದಿಬ್ಬದ ಮೇಲೆ, ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿ. ಆ ದಿಬ್ಬದಿಂದ ನೀರು ಇಳಿಯುವ ಮುಖ್ಯ ಕಣಿವೆಗಳು ಮೂರು. ಹೆಬ್ಬಾಳ ಕಣಿವೆ ಮತ್ತು ಕೋರಮಂಗಲ–ಚಲ್ಲಘಟ್ಟ ಕಣಿವೆಗಳ ನೀರು ಪೂರ್ವಕ್ಕೆ ಹರಿದು ದಕ್ಷಿಣ ಪಿನಾಕಿನಿ ಸೇರುತ್ತದೆ. ವೃಷಭಾವತಿ ಕಣಿವೆಯ ನೀರು ಅರ್ಕಾವತಿಯ ಮೂಲಕ ಕಾವೇರಿಗೆ ಹೋಗುತ್ತದೆ. ಹಿಂದಿನವರು ಈ ಇಳಿಜಾರಿನಲ್ಲಿ ಒಂದರ ಕೆಳಗೊಂದು ಕೆರೆ ಕಟ್ಟಿದರು. ಮೇಲಿನ ಕೆರೆ ಕೋಡಿ ಬಿದ್ದರೆ ನೀರು ಕಾಲುವೆಯಲ್ಲಿ ಕೆಳಗಿನ ಕೆರೆಗೆ ಹೋಗಬೇಕು, ಅದು ತುಂಬಿದರೆ ಅದರ ಕೆಳಗಿನದಕ್ಕೆ. ಆ ಕಾಲುವೆಯೇ ನೀವು ಇವತ್ತು ಮೂಗು ಮುಚ್ಚಿಕೊಂಡು ದಾಟುವ ರಾಜಕಾಲುವೆ.

ಆದ್ದರಿಂದ ಅರ್ಜಿ ಬರೆಯುವ ಮುಂಚೆ ನಕ್ಷೆ ನೋಡಿ. ಬ್ರೋಶರಿನಲ್ಲಿರುವ ಬಣ್ಣದ ನಕ್ಷೆಯಲ್ಲ, ಕಂದಾಯ ಇಲಾಖೆಯ ಗ್ರಾಮ ನಕ್ಷೆ. ಅದರಲ್ಲಿ ಹಳ್ಳ, ಕಾಲುವೆ, ಕೆರೆ ಎಲ್ಲವೂ ಗುರುತಾಗಿರುತ್ತವೆ. ಸರ್ಕಾರದ ದಿಶಾಂಕ್ ಆ್ಯಪನ್ನು ಫೋನಿಗೆ ಹಾಕಿಕೊಂಡು ನಿಮ್ಮ ಸೈಟಿನಲ್ಲಿ ನಿಂತರೆ ಯಾವ ಸರ್ವೆ ನಂಬರಿನ ಮೇಲೆ ನಿಂತಿದ್ದೀರಿ ಅಂತ ತೋರಿಸುತ್ತದೆ. ಪಹಣಿಯಲ್ಲಿ ‘ಬಿ ಖರಾಬು’ ಅಂತಿದ್ದರೆ ಎಚ್ಚರ. ಅದು ಹಳ್ಳ, ದಾರಿ, ಕೆರೆಯಂಥ ಸಾರ್ವಜನಿಕ ಉಪಯೋಗಕ್ಕೆಂದು ಬಿಟ್ಟ ಜಾಗ. ಕರ್ನಾಟಕ ಭೂಕಂದಾಯ ಕಾಯ್ದೆಯ 67ನೇ ಕಲಮಿನ ಪ್ರಕಾರ ಹಳ್ಳ, ನಾಲೆ, ಕೆರೆಗಳು ಸರ್ಕಾರದ ಸೊತ್ತು. ಮಾರಿದವನು ಎಷ್ಟೇ ನಗುಮುಖದಿಂದ ರಿಜಿಸ್ಟರ್ ಮಾಡಿಕೊಟ್ಟಿದ್ದರೂ ಹಳ್ಳ ನಿಮ್ಮದಾಗುವುದಿಲ್ಲ.

ಸೈಟು ಇನ್ನೂ ಕೊಂಡಿಲ್ಲವೇ? ಹಾಗಿದ್ದರೆ ಮುಂಗಡ ಕೊಡುವ ಮುಂಚೆಯೇ ಈ ಕೆಲಸ ಮುಗಿಸಿ. ಅಕ್ಕಪಕ್ಕದ ಹಳ್ಳಿಯಲ್ಲಿ ವಯಸ್ಸಾದವರೊಬ್ಬರನ್ನು ಮಾತಾಡಿಸಿ, ‘ಇಲ್ಲಿ ಗದ್ದೆ ಇತ್ತಾ, ಹೊಲ ಇತ್ತಾ?’ ಅಂತ ಕೇಳಿ. ಗದ್ದೆ ಇತ್ತು ಅಂದರೆ ಅದು ಕೆರೆಯ ಅಚ್ಚುಕಟ್ಟು, ತಗ್ಗಿನ ಜಾಗ. ತಗ್ಗಿದ್ದಲ್ಲಿ ನೀರು ನಿಲ್ಲುತ್ತದೆ. ಅದಕ್ಕೆ ಜ್ಯೋತಿಷಿಯನ್ನು ಕೇಳಬೇಕಾಗಿಲ್ಲ.

ನಿಮ್ಮ ಬೀದಿಯಷ್ಟನ್ನೇ ಕೇಳಬೇಡಿ

ಈಗ ನಿಮ್ಮನ್ನು ಸ್ವಲ್ಪ ಗದರಲೇಬೇಕು. ‘ನಮ್ಮ ಬಡಾವಣೆಯ ಪಕ್ಕದ 300 ಮೀಟರಿಗೆ ತಡೆಗೋಡೆ ಎತ್ತರಿಸಿ’ ಅಂತ ಕೇಳುತ್ತೀರಲ್ಲ, ಆ ನೀರು ಮುಂದೆ ಎಲ್ಲಿಗೆ ಹೋಗುತ್ತದೆ ಅಂತ ಯೋಚಿಸಿದ್ದೀರಾ? ನಿಮ್ಮ ಕಡೆ ಗೋಡೆ ಎತ್ತರವಾದರೆ ಎದುರು ದಂಡೆಗೆ ನುಗ್ಗುತ್ತದೆ. ಎರಡೂ ಕಡೆ ಎತ್ತರವಾದರೆ ಇನ್ನೂ ಜೋರಾಗಿ ಕೆಳಗಿನ ಬಡಾವಣೆಗೆ ನುಗ್ಗುತ್ತದೆ. ಅಲ್ಲಿಯೂ ಮಕ್ಕಳು, ಮುದುಕರು ಇದ್ದಾರೆ.

2022ರ ಸೆಪ್ಟೆಂಬರ್ ನೆನಪಿರಬೇಕು. 5ರ ಬೆಳಿಗ್ಗೆಗೆ ಮುಗಿದ 24 ಗಂಟೆಗಳಲ್ಲಿ ನಗರದಲ್ಲಿ 131.6 ಮಿಲಿಮೀಟರ್ ಮಳೆ ಸುರಿಯಿತು. ಸರ್ಜಾಪುರ ರಸ್ತೆ, ಯಮಲೂರು, ಬೆಳ್ಳಂದೂರು, ಹೊರವರ್ತುಲ ರಸ್ತೆ ಎಲ್ಲ ಕಡೆ ನೀರು. ಕೋಟಿಗಟ್ಟಲೆ ಬೆಲೆಯ ಮನೆಯವರೂ ಟ್ರ್ಯಾಕ್ಟರ್ ಹತ್ತಿ ಹೊರಬಂದರು, ದೋಣಿಗಳು ಬಂದವು. ಮಳೆ ಜೋರಾಗಿತ್ತು ನಿಜ. ಆದರೆ 1988ರ ಸೆಪ್ಟೆಂಬರ್ 12ರಂದು ಇದೇ ಬೆಂಗಳೂರಿನಲ್ಲಿ 177.6 ಮಿಲಿಮೀಟರ್ ಬಿದ್ದಿತ್ತು. ಆಗ ಈ ತಗ್ಗುಗಳಲ್ಲಿ ಬಹುಪಾಲು ಗದ್ದೆ, ತೋಪು, ಬಯಲು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಎಲ್ಲವನ್ನೂ ಮಳೆಯ ತಲೆಗೆ ಕಟ್ಟಬೇಡಿ.

2021ರಲ್ಲಿ ವಿಧಾನಮಂಡಲದ ಮುಂದೆ ಬಂದ ನಿಯಂತ್ರಕ ಮತ್ತು ಮಹಾಲೇಖಪಾಲರ (ಸಿಎಜಿ) ವರದಿಯಲ್ಲಿ ಕಾಲುವೆಗಳು ಎಷ್ಟು ಕಳೆದುಹೋದವೆಂಬ ಲೆಕ್ಕವಿದೆ. 1900ರ ಆರಂಭದಲ್ಲಿ ಕೋರಮಂಗಲ ಕಣಿವೆಯಲ್ಲಿ 113.24 ಕಿಲೋಮೀಟರ್ ಕಾಲುವೆ ಇತ್ತು. 2016–17ರ ಹೊತ್ತಿಗೆ ಉಳಿದದ್ದು 62.84. ವೃಷಭಾವತಿ ಕಣಿವೆಯಲ್ಲಿ 226.29 ಇದ್ದದ್ದು 110.84ಕ್ಕೆ ಇಳಿದಿತ್ತು. ಅರ್ಧದಷ್ಟು ದಾರಿಯೇ ಮಾಯವಾದ ಮೇಲೆ ಉಳಿದರ್ಧಕ್ಕೆ ಗೋಡೆ ಕಟ್ಟಿ ಏನು ಪ್ರಯೋಜನ ಹೇಳಿ?

ಅದಕ್ಕೇ ನಿಮ್ಮ ಬೇಡಿಕೆ ಹೀಗಿರಲಿ: ‘ಮೇಲಿನ ಕೆರೆಯ ಕೋಡಿಯಿಂದ ಕೆಳಗಿನ ಕೆರೆಯ ಬಾಯಿಯ ತನಕ ಒಂದೇ ಅಳತೆ, ಒಂದೇ ಯೋಜನೆ.’ ಕೆಲಸ ಮಾತ್ರ ಕೆಳಗಿನಿಂದ ಮೇಲಕ್ಕೆ ಬರಲಿ. ಕೆಳಗೆ ಬಾಯಿ ಬಿಡಿಸದೆ ಮೇಲೆ ಅಗಲ ಮಾಡಿದರೆ ನಿಮಗಾದ ಗತಿಯನ್ನು ಬೇಗ ಬೇಗ ಕೆಳಗಿನವರಿಗೆ ತಲುಪಿಸಿದಂತಾಗುತ್ತದೆ. ಮೇಲಿನ ಬಡಾವಣೆ, ಕೆಳಗಿನ ಬಡಾವಣೆಗಳ ಸಂಘದವರನ್ನು ಒಮ್ಮೆ ಕಾಫಿಗೆ ಕರೆಯಿರಿ. ಮೂರು ಸಂಘಗಳ ಸಹಿ ಇರುವ ಒಂದು ಅರ್ಜಿಗೆ ಇರುವ ತೂಕ ಒಂದೊಂದು ಸಂಘದ ಮೂರು ಅರ್ಜಿಗಳಿಗೆ ಇರುವುದಿಲ್ಲ.

ಲೆಕ್ಕ ಕೇಳಲು ನಾಚಿಕೆ ಬೇಡ

ಎಂಜಿನಿಯರು ನಕ್ಷೆ ಹರಡಿದಾಗ ತಲೆಯಾಡಿಸಿ ಎದ್ದು ಬರಬೇಡಿ. ಎರಡು ಪ್ರಶ್ನೆ ಕೇಳಿ.

ಮೊದಲನೆಯದು, ‘ಎಷ್ಟು ನೀರು ಬರುತ್ತದೆ ಅಂತ ಲೆಕ್ಕ ಹಾಕಿದ್ದೀರಿ, ಇವತ್ತಿನ ಊರಿಗೋ ನಾಳೆಯ ಊರಿಗೋ?’ ಇದು ಯಾಕೆ ಮುಖ್ಯ ಅಂದರೆ, ನೂರು ಹೆಕ್ಟೇರ್ ಜಾಗದ ಮೇಲೆ ಗಂಟೆಗೆ 60 ಮಿಲಿಮೀಟರ್ ಲೆಕ್ಕದಲ್ಲಿ ಮಳೆ ಬಿತ್ತು ಅನ್ನಿ. ಹೊಲ, ತೋಟ ಇದ್ದಾಗ ಹತ್ತರಲ್ಲಿ ಮೂರು ಪಾಲು ಹರಿದು ಬಂದರೆ ಕಾಲುವೆಗೆ ಸೆಕೆಂಡಿಗೆ 5,000 ಲೀಟರ್. ಅದೇ ಜಾಗ ಮನೆ, ರಸ್ತೆ, ಟೈಲ್ಸ್ ಆಗಿ ಹತ್ತರಲ್ಲಿ ಎಂಟು ಪಾಲು ಹರಿದರೆ ಸೆಕೆಂಡಿಗೆ 13,000 ಲೀಟರಿಗೂ ಹೆಚ್ಚು. ಮಳೆ ಅಷ್ಟೇ, ಜಾಗ ಅಷ್ಟೇ. ನೀರು ಎರಡೂವರೆ ಪಟ್ಟು. ನಿಮ್ಮ ಮೇಲ್ಗಡೆ ಇನ್ನೂ ನಾಲ್ಕು ಲೇಔಟ್ ಬರುವುದಿದ್ದರೆ, ಇವತ್ತಿನ ಖಾಲಿ ಹೊಲ ನೋಡಿ ಕಟ್ಟಿದ ಕಾಲುವೆ ಕಟ್ಟಿ ಮುಗಿಸುವ ಹೊತ್ತಿಗೇ ಸಾಲದಾಗುತ್ತದೆ.

ಎರಡನೆಯದು, ‘ಎಷ್ಟು ವರ್ಷಕ್ಕೊಮ್ಮೆ ಬರುವ ಮಳೆಗೆ ಇದು ತಡೆಯುತ್ತದೆ?’ ಇಲ್ಲಿ ಬಹಳ ಜನ ತಪ್ಪು ತಿಳಿಯುತ್ತಾರೆ. 25 ವರ್ಷಕ್ಕೊಮ್ಮೆ ಬರುವ ಮಳೆ ಅಂದರೆ ಈ ವರ್ಷ ಬಂದರೆ ಇನ್ನು 25 ವರ್ಷ ನಿಶ್ಚಿಂತೆ ಅಂತಲ್ಲ. ಪ್ರತಿ ವರ್ಷವೂ ನೂರಕ್ಕೆ ನಾಲ್ಕರಷ್ಟು ಸಾಧ್ಯತೆ ಇದೆ ಅಂತ. ನಿಮ್ಮ ಮನೆಸಾಲ 20 ವರ್ಷದ್ದಾದರೆ ಅದು ತೀರುವುದರೊಳಗೆ ಅಂಥ ಮಳೆ ಒಮ್ಮೆಯಾದರೂ ಬರುವ ಸಾಧ್ಯತೆ ಅರ್ಧಕ್ಕಿಂತ ಹೆಚ್ಚು. ಯಾವ ಕಾಲುವೆಯೂ ಎಲ್ಲ ಮಳೆಗೂ ತಡೆಯುವುದಿಲ್ಲ. ಆದ್ದರಿಂದ ಮೂರನೆಯ ಪ್ರಶ್ನೆಯನ್ನೂ ಕೇಳಿಬಿಡಿ: ‘ಇದಕ್ಕೂ ಮೀರಿ ಬಂದರೆ ನೀರು ಯಾವ ಕಡೆ ಉಕ್ಕುತ್ತದೆ?’ ಉಕ್ಕುವ ಜಾಗ ಪಾರ್ಕೋ ಆಟದ ಮೈದಾನವೋ ಆಗಿರಲಿ. ಟ್ರಾನ್ಸ್‌ಫಾರ್ಮರ್ ಇರುವ ಮೂಲೆಯೋ ಶಾಲೆಯೋ ಆಗಬಾರದು.

ಅಗಲ ಕೊಡಿ, ಮುಚ್ಚಬೇಡಿ

ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುವ ಮಾತು ನಮಗೆ, ನೀರಿಗಲ್ಲ. ಅದಕ್ಕೆ ಬೇಕಾದಷ್ಟು ಹಾಸಿಗೆ ನಾವೇ ಬಿಡಬೇಕು. ಕಾಲುವೆ ಅಂಚಿನಲ್ಲಿ ಇಂತಿಷ್ಟು ಜಾಗ ಖಾಲಿ ಇರಬೇಕೆಂಬ ನಿಯಮವಿದೆ. ಬೆಂಗಳೂರಿನ ಪರಿಷ್ಕೃತ ಮಹಾಯೋಜನೆ 2015ರ ಪ್ರಕಾರ ಕಾಲುವೆಯ ನಡುಗೆರೆಯಿಂದ ಅಳೆದು ಪ್ರಾಥಮಿಕ ರಾಜಕಾಲುವೆಗೆ 50 ಮೀಟರ್, ದ್ವಿತೀಯಕ್ಕೆ 25, ತೃತೀಯಕ್ಕೆ 15. 2016ರ ಮೇ ತಿಂಗಳಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಈ ಅಳತೆಗಳನ್ನು ಹೆಚ್ಚಿಸಿತು. 2019ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಆ ಹೆಚ್ಚಳವನ್ನು ರದ್ದು ಮಾಡಿತು. ಇಂಥ ನಿಯಮ ಮತ್ತೆ ಮತ್ತೆ ಬದಲಾಗುತ್ತದೆ. ನಿಮ್ಮ ಜಾಗಕ್ಕೆ ಈಗ ಯಾವುದು ಅನ್ವಯಿಸುತ್ತದೆಂದು ಯೋಜನಾ ಪ್ರಾಧಿಕಾರದಿಂದ ಬರವಣಿಗೆಯಲ್ಲಿ ತೆಗೆದುಕೊಳ್ಳಿ. ಬ್ರೋಕರ್ ಹೇಳಿದ್ದನ್ನು ನಂಬಿಕೊಂಡು ಕೂರಬೇಡಿ. ನಿಯಮ ಎಷ್ಟೇ ಸಡಿಲವಾದರೂ ನೀರು ತನ್ನ ಅಗಲವನ್ನು ಕಡಿಮೆ ಮಾಡಿಕೊಳ್ಳುವುದಿಲ್ಲ.

ಲೇಔಟ್ ಮಾಡುವವರು ಸೈಟುಗಳು ಚೌಕವಾಗಿ ಬರಲೆಂದು ಹಳ್ಳವನ್ನು ಅಂಚಿಗೆ ಸರಿಸಿ ಲಂಬಕೋನದಲ್ಲಿ ತಿರುಗಿಸುವುದನ್ನು ನೋಡಿರುತ್ತೀರಿ. ಜೋರು ಮಳೆಯಲ್ಲಿ ನೀರು ಮೊದಲು ಮೇಲೇರುವುದು ಆ ತಿರುವಿನ ಹೊರಮಗ್ಗುಲಲ್ಲಿಯೇ. ಅಂಥ ಮೂಲೆ ಸೈಟನ್ನು ‘ಕಾರ್ನರ್ ಸೈಟ್’ ಅಂತ ಹೆಚ್ಚು ದುಡ್ಡು ಕೊಟ್ಟು ಕೊಳ್ಳಬೇಡಿ, ದಯವಿಟ್ಟು. ಯೋಜನೆ ಮಾಡುವಾಗ ತಿರುವು ಆದಷ್ಟು ಓರೆಯಾಗಿ, ನಿಧಾನವಾಗಿ ಬರುವಂತೆ ಕೇಳಿ.

ಕಾಂಕ್ರೀಟಿನ ಮೋಹವನ್ನೂ ಸ್ವಲ್ಪ ಬಿಡಿ. ಅದೇ ಇಳಿಜಾರು, ಅದೇ ಅಳತೆ ಇದ್ದರೂ, ಹುಲ್ಲು ಬೆಳೆದ ಮಣ್ಣಿನ ಹಳ್ಳಕ್ಕಿಂತ ನುಣುಪಾದ ಸಿಮೆಂಟ್ ಕಾಲುವೆಯಲ್ಲಿ ನೀರು ಎರಡು ಪಟ್ಟಿಗೂ ಮಿಕ್ಕಿದ ವೇಗದಲ್ಲಿ ಓಡುತ್ತದೆ. ಇಕ್ಕಟ್ಟಾದ ಕಡೆ ಅದು ಬೇಕಾಗಬಹುದು, ಇಲ್ಲವೆನ್ನುವುದಿಲ್ಲ. ಆದರೆ ಎಲ್ಲ ಕಡೆಯೂ ತಳಕ್ಕೆ, ಗೋಡೆಗೆ ಸಿಮೆಂಟ್ ಬಳಿದರೆ ಕೆಳಗಿನ ಕೆರೆಗೆ ಎಲ್ಲ ನೀರೂ ಒಟ್ಟಿಗೇ ಬಂದು ಬೀಳುತ್ತದೆ, ನೆಲಕ್ಕೆ ಒಂದು ಹನಿ ಇಂಗುವುದಿಲ್ಲ. ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿತು ಅಂತ ಟ್ಯಾಂಕರಿನವನ ಮುಂದೆ ನಿಲ್ಲುವವರೂ ನೀವೇ. ಜಾಗ ಇರುವಲ್ಲಿ ನಡುವೆ ಚಿಕ್ಕ ಕಾಲುವೆ, ಎರಡೂ ಕಡೆ ಮಳೆಗಾಲಕ್ಕೆ ಮುಳುಗಬಲ್ಲ ಹುಲ್ಲಿನ ಅಂಚು, ಕಲ್ಲು ಕಟ್ಟಿದ ದಂಡೆ ಕೇಳಿ. ಬೇಸಿಗೆಯಲ್ಲಿ ಅಲ್ಲಿ ಮಕ್ಕಳು ಆಡಿಕೊಳ್ಳಲಿ.

ಇನ್ನು ‘ವಾಸನೆ ಬರುತ್ತದೆ, ಮೇಲೆ ಚಪ್ಪಡಿ ಹಾಕಿ ಮುಚ್ಚಿಬಿಡಿ, ಪಾರ್ಕಿಂಗಿಗೂ ಆಯಿತು’ ಅನ್ನುವವರು ಪ್ರತಿ ಸಭೆಯಲ್ಲೂ ಒಬ್ಬರಿರುತ್ತಾರೆ. ಬಾಯಿಗೆ ಬಂದ ಆ ಮಾತನ್ನು ಅಲ್ಲೇ ನುಂಗಿಕೊಳ್ಳಿ. ಮುಚ್ಚಿದ ಕಾಲುವೆಯಲ್ಲಿ ಹೂಳು ಕಾಣುವುದಿಲ್ಲ, ತೆಗೆಯಲು ಯಂತ್ರ ಇಳಿಯುವುದಿಲ್ಲ, ಯಾವ ಮನೆಯ ಪೈಪು ಒಳಗೆ ಬಿಟ್ಟಿದೆಯೆಂದು ತಿಳಿಯುವುದಿಲ್ಲ. ದಕ್ಷಿಣ ಕೊರಿಯಾದ ಸೋಲ್ ನಗರದವರು ಊರ ನಡುವಿನ ಹಳ್ಳವನ್ನು ಮುಚ್ಚಿ ಅದರ ಮೇಲೆ ಹೆದ್ದಾರಿಯನ್ನೇ ಕಟ್ಟಿದ್ದರು. ಕೊನೆಗೆ ಆ ಹೆದ್ದಾರಿಯನ್ನು ಒಡೆದು 2005ರಲ್ಲಿ ಹಳ್ಳವನ್ನು ಮತ್ತೆ ತೆರೆದರು. ಅವರು ಮುಚ್ಚಿ ಪಟ್ಟ ಪಾಡು ಗೊತ್ತಿದ್ದೂ ನಾವು ಮುಚ್ಚಲು ಹೊರಟರೆ ಏನೆನ್ನೋಣ?

ಇಕ್ಕಟ್ಟಿನ ಕಂಠ ಹುಡುಕಿ

ಒಂದು ಭಾನುವಾರ ಬೆಳಿಗ್ಗೆ, ಬಿಸಿಲೇರುವ ಮುಂಚೆ, ಸಂಘದ ನಾಲ್ಕು ಜನ ಕಾಲುವೆ ಪಕ್ಕದಲ್ಲೇ ನಡೆದು ಹೋಗಿ. ಪ್ರತಿ ಸೇತುವೆಯ ಹತ್ತಿರ ಬಗ್ಗಿ ನೋಡಿ. ಕಿಂಡಿಗೆ ಅಡ್ಡಲಾಗಿ ಒಂದು ನೀರಿನ ಪೈಪು, ಅದರ ಕೆಳಗೆ ಒಂದಿಷ್ಟು ಕೇಬಲ್ಲು. ಅದಕ್ಕೆ ಸಿಕ್ಕಿಕೊಂಡ ತೆಂಗಿನ ಗರಿ, ಗರಿಗೆ ಸಿಕ್ಕಿಕೊಂಡ ಹಳೆಯ ಹಾಸಿಗೆ, ಹಾಸಿಗೆಯ ಸುತ್ತ ಥರ್ಮೋಕೋಲು, ಎಳನೀರು ಬುರುಡೆ, ಗಂಟು ಹಾಕಿದ ಕಸದ ಕವರು. ಕಾಲುವೆ ಇಪ್ಪತ್ತು ಅಡಿ ಅಗಲವಿದ್ದರೇನು, ಅಲ್ಲಿ ನೀರಿಗೆ ಸಿಗುವುದು ಐದೇ ಅಡಿ. ಕಾಲುವೆಯ ಶಕ್ತಿ ಅದರ ಅತಿ ಕಿರಿದಾದ ಕಂಠದಷ್ಟೇ. ಗೋಡೆಗೆ ಕೋಟಿ ಸುರಿದು ಕಂಠವನ್ನು ಹಾಗೇ ಬಿಟ್ಟರೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.

ಹೊರಮಾವು ಕಡೆಯ ಸಾಯಿ ಲೇಔಟ್ 2025ರ ಮೇ ತಿಂಗಳಲ್ಲಿ ಮುಳುಗಿದಾಗ ರೈಲು ಹಳಿಯ ಕೆಳಗಿನ ಕಿಂಡಿಗಳು ಕಿರಿದಾಗಿದ್ದದ್ದೇ ಮುಖ್ಯ ಕಾರಣವೆಂಬ ಮಾತು ಬಂತು. ಅಂಥ ಕಡೆ ಪಾಲಿಕೆ ಒಂದೇ ಏನೂ ಮಾಡಲಾರದು, ರೈಲ್ವೆಯವರೂ ಕೂಡಿಬರಬೇಕು. ಹಾಗಾಗಿ ನೀವು ನಡೆದಾಗ ಪ್ರತಿ ಇಕ್ಕಟ್ಟಿನ ಫೋಟೊ ತೆಗೆಯಿರಿ, ಟೇಪು ಹಿಡಿದು ಅಗಲ ಅಳೆಯಿರಿ, ಯಾವ ಇಲಾಖೆಯ ಪೈಪು, ಯಾರ ಸೇತುವೆ ಅಂತ ಬರೆದುಕೊಳ್ಳಿ. ಕಳೆದ ಮಳೆಯಲ್ಲಿ ನೀರು ಎಲ್ಲಿಯ ತನಕ ಬಂದಿತ್ತೆಂದು ಗೋಡೆಯ ಮೇಲಿನ ಕೆಸರಿನ ಗೆರೆ ಹೇಳುತ್ತದೆ. ಸುಣ್ಣ ಬಳಿಯುವ ಮುಂಚೆ ಅದನ್ನೂ ನೆಲದಿಂದ ಅಳೆದು ಬರೆದಿಡಿ. ಎಂಜಿನಿಯರಿಗೆ ಇಷ್ಟು ಉಪಯೋಗವಾಗುವ ಕಾಗದ ಬೇರೆ ಇಲ್ಲ. ಕಾಲುವೆಯೊಳಗೆ ಮಾತ್ರ ಇಳಿಯಬೇಡಿ, ಮೇಲಿಂದಲೇ ನೋಡಿ.

ಕೆರೆಗೂ ಸ್ವಲ್ಪ ಹಸಿವು ಇರಲಿ

ಕೆರೆ ಸದಾ ತುಂಬಿ ತುಳುಕುತ್ತಿರಬೇಕು, ಬೆಳಗಿನ ವಾಕಿಂಗಿಗೆ ಚೆನ್ನಾಗಿ ಕಾಣಬೇಕು ಎಂಬ ಹಠ ನಿಮ್ಮದು. ವರ್ಷವಿಡೀ ಹರಿದು ಬರುವ ಬಳಸಿದ ನೀರಿನಿಂದ ಕೆರೆ ಮೇ ತಿಂಗಳಲ್ಲೇ ಕೋಡಿ ಮಟ್ಟದಲ್ಲಿದ್ದರೆ ಜೂನಿನ ಮಳೆಗೆ ಜಾಗವೆಲ್ಲಿ? ಹಿಂದೆ ನೀರಗಂಟಿ ಇರುತ್ತಿದ್ದ. ತೂಬು ಎತ್ತುವುದು, ಇಳಿಸುವುದು, ಯಾರ ಗದ್ದೆಗೆ ಎಷ್ಟು ನೀರು ಅನ್ನುವುದೆಲ್ಲ ಅವನ ಹೊಣೆ. ಕೆರೆ ಅಭಿವೃದ್ಧಿ ಎಂದು ಏರಿಯ ಮೇಲೆ ಟೈಲ್ಸ್ ಹಾಕಿ, ಗ್ರಿಲ್ ಹಚ್ಚಿದ ಎಷ್ಟೋ ಕಡೆ ತೂಬೇ ಕೆಲಸ ಮಾಡುವುದಿಲ್ಲ. ಮೂಗಿಗಿಂತ ಮೂಗುತಿ ಭಾರ.

ಯೋಜನೆಯಲ್ಲಿ ಇದನ್ನು ಸೇರಿಸಲು ಹೇಳಿ: ಕೆರೆಗೆ ಎತ್ತಿ ಇಳಿಸಬಲ್ಲ ಗೇಟು, ಮಳೆಗಾಲಕ್ಕೆ ಮುಂಚೆ ನೀರಿನ ಮಟ್ಟ ಇಳಿಸುವ ಕ್ರಮ, ಗೇಟಿನ ಕೀಲಿ ಯಾರ ಹತ್ತಿರವಿದೆಯೆಂದು ಬೋರ್ಡಿನ ಮೇಲೆ ಬರೆದ ಹೆಸರು. ಕೆಳಗಿನ ಕೆರೆಯವರಿಗೆ ಹೇಳದೆ ಮೇಲಿನವರು ಗೇಟು ಎತ್ತಬಾರದು. ಕೋಡಿಯ ಮುಂದೆ ಯಾರೂ ಅಂಗಡಿ ಹಾಕದಂತೆ ನೋಡಿಕೊಳ್ಳಿ. ಕೆರೆಗೆ ಬಾಗಿನ ಕೊಡುವಷ್ಟೇ ಶ್ರದ್ಧೆ ಕೋಡಿಯ ಮೇಲೂ ಇರಲಿ.

ಮಳೆನೀರು ಬೇರೆ, ಕೊಳಚೆ ಬೇರೆ

ರಾಜಕಾಲುವೆ ಮಳೆನೀರಿಗೆ. ಬಚ್ಚಲು, ಶೌಚಾಲಯದ ನೀರಿಗೆ ಜಲಮಂಡಳಿಯ ಒಳಚರಂಡಿ ಇದೆ. ‘ಒಳಚರಂಡಿ ಇನ್ನೂ ಬಂದಿಲ್ಲ, ಅಲ್ಲಿಯ ತನಕ’ ಅಂತ ರಾತ್ರೋರಾತ್ರಿ ಕಾಲುವೆಗೆ ಪೈಪು ಬಿಟ್ಟವರು ಆಮೇಲೆ ಒಳಚರಂಡಿ ಬಂದರೂ ಆ ಪೈಪು ತೆಗೆಯುವುದಿಲ್ಲ. ನಿಮ್ಮ ಮನೆಯದು ಎಲ್ಲಿಗೆ ಹೋಗುತ್ತಿದೆ, ಇವತ್ತೇ ನೋಡಿ. ತಾರಸಿಯ ಮಳೆನೀರನ್ನು ಒಳಚರಂಡಿಗೆ ಬಿಡುವುದೂ ಅಷ್ಟೇ ತಪ್ಪು. ಮಳೆ ಬಂದಾಗ ಮ್ಯಾನ್‌ಹೋಲ್ ಉಕ್ಕಿ ಬಚ್ಚಲಿನಿಂದ ಹಿಂದಕ್ಕೆ ಬರುವ ಕಪ್ಪು ನೀರಿಗೆ ಅದೂ ಒಂದು ಕಾರಣ.

ಮೆಜೆಸ್ಟಿಕ್ ಕಡೆಯಿಂದ ಬೆಳ್ಳಂದೂರು ಕೆರೆಗೆ ಹೋಗುವ ಕೋರಮಂಗಲ ಕಣಿವೆಯ ಕಾಲುವೆಯನ್ನು ಸುಧಾರಿಸಲು ಕೆ-100 ಎಂಬ ಯೋಜನೆ ಕೈಗೊಂಡಾಗ ಮೊದಲ ಸವಾಲಾಗಿ ಎದುರಾದದ್ದು ಕೊಳಚೆಯೇ. ಅದನ್ನು ತಡೆಯದೆ ದಂಡೆಗೆ ಹೂಗಿಡ, ಬೆಂಚು, ದೀಪ ಹಾಕಿದರೆ ಒಳಗೆ ಹುಳುಕು, ಮೇಲೆ ಥಳುಕು. ನಿಮ್ಮ ಕಾಲುವೆಗೂ ಇದೇ ಕ್ರಮ: ಮೊದಲು ಕೊಳಚೆಯ ಪೈಪು ಬೇರೆ ಮಾಡಿ, ಆಮೇಲೆ ಅಗಲ, ಆಮೇಲೆ ದಂಡೆ, ಕಟ್ಟಕಡೆಗೆ ಅಂದ.

ಕಟ್ಟಿದ್ದನ್ನು ಕಾಪಾಡಿ

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಕಟ್ಟುವುದಕ್ಕೆ ಟೆಂಡರು ಕರೆಯುವ ಉತ್ಸಾಹ ಹೂಳೆತ್ತುವುದಕ್ಕೆ ಇರುವುದಿಲ್ಲ. ಯೋಜನೆಯ ಕಾಗದದಲ್ಲೇ ಪ್ರತಿ ವರ್ಷದ ಹೂಳೆತ್ತುವ ಹಣ, ಯಂತ್ರ ಇಳಿಯಲು ಇಳಿಜಾರು ದಾರಿ, ಕಾಲುವೆ ಬಾಯಲ್ಲಿ ಹೂಳು ನಿಲ್ಲುವ ಗುಂಡಿ, ಕಸ ತಡೆಯುವ ಜಾಲರಿ ಇವಿಷ್ಟೂ ಇರಬೇಕು. ಜಾಲರಿ ಹಾಕಿದ ಮೇಲೆ ಅದನ್ನು ವಾರಕ್ಕೊಮ್ಮೆ ಯಾರು ಶುಚಿ ಮಾಡುತ್ತಾರೆಂದು ಕೇಳಿ. ಶುಚಿ ಮಾಡದ ಜಾಲರಿ ಅಣೆಕಟ್ಟಾಗುತ್ತದೆ.

ಹೂಳೆತ್ತಿದವರು ಅದನ್ನು ದಂಡೆಯ ಮೇಲೇ ರಾಶಿ ಹಾಕಿ ಹೋಗುತ್ತಾರೆ. ನೀವೂ ‘ಕೆಲಸ ಆಯಿತು’ ಅಂತ ಫೋಟೊ ಹಾಕಿ ಸುಮ್ಮನಾಗುತ್ತೀರಿ. ಒಂದೇ ಮಳೆಗೆ ಅದಷ್ಟೂ ವಾಪಸ್ ಒಳಗೆ. ಲಾರಿ ಬಂದು ಹೂಳು ಸಾಗಿಸುವ ತನಕ ಬೆನ್ನು ಬಿಡಬೇಡಿ. ಮನೆ ರಿಪೇರಿ ಮಾಡಿಸಿದಾಗ ಒಡೆದ ಇಟ್ಟಿಗೆ, ಹಳೆಯ ಟೈಲ್ಸನ್ನು ‘ಸ್ವಲ್ಪ ತಾನೇ’ ಅಂತ ಕಾಲುವೆ ಅಂಚಿಗೆ ಸುರಿಸುವುದನ್ನೂ ಬಿಡಿ. ಮೇಸ್ತ್ರಿ ಸುರಿದ ಅಂದರೆ ಯಾರೂ ಒಪ್ಪುವುದಿಲ್ಲ; ಕೂಲಿ ಕೊಟ್ಟವರು ನೀವು.

ನಿಮ್ಮ ಗೇಟಿನೊಳಗಿನ ಕೆಲಸ

ಹನಿ ಹನಿ ಗೂಡಿದರೆ ಹಳ್ಳ. ಲೆಕ್ಕ ಹಾಕಿ ನೋಡಿ: 30×40 ಅಡಿಯ ಒಂದು ಸೈಟಿನ ಮೇಲೆ 50 ಮಿಲಿಮೀಟರ್ ಮಳೆ ಬಿದ್ದರೆ 5,500 ಲೀಟರ್ ನೀರು, ಹತ್ತಿರ ಹತ್ತಿರ ಒಂದು ಟ್ಯಾಂಕರ್. ಅಂಥ ಸಾವಿರ ಸೈಟುಗಳಿಂದ 55 ಲಕ್ಷ ಲೀಟರ್. ಅದರಲ್ಲಿ ಅರ್ಧವನ್ನು ಗೇಟಿನೊಳಗೇ ತಡೆದರೂ ಕಾಲುವೆಗೆ ಎಷ್ಟು ಹಗುರ! ಬೆಂಗಳೂರಿನಲ್ಲಿ 2009ರಿಂದ ಮಳೆನೀರು ಕೊಯ್ಲು ಕಡ್ಡಾಯ. 30×40 ಹಾಗೂ ಅದಕ್ಕಿಂತ ದೊಡ್ಡ ಸೈಟಿನ ಹೊಸ ಮನೆಗೂ, 60×40 ಹಾಗೂ ಅದಕ್ಕಿಂತ ದೊಡ್ಡ ಸೈಟಿನ ಹಳೆಯ ಮನೆಗೂ ಇದು ಅನ್ವಯ. ತೋರಿಕೆಗೆ ಒಂದು ನೀಲಿ ಡ್ರಮ್ ಇಟ್ಟು ಫೋಟೊ ತೆಗೆಸಿಕೊಂಡರೆ ಸಾಲದು. ಸಂಪು ತುಂಬಿದ ಮೇಲೆ ಉಳಿದ ನೀರು ಇಂಗು ಬಾವಿಗೆ ಹೋಗಬೇಕು. ಸರ್ಜಾಪುರ ಕಡೆಯ ಭೋವಿಪಾಳ್ಯದಲ್ಲಿ ತಲೆಮಾರುಗಳಿಂದ ಬಾವಿ ತೋಡುವ ಕುಟುಂಬಗಳಿವೆ. ನೆಲದ ಗುಣ ಬಲ್ಲ ಅಂಥವರನ್ನು ಕರೆಸಿ, ಚೌಕಾಸಿ ಮಾಡದೆ ಕೂಲಿ ಕೊಟ್ಟು ತೋಡಿಸಿ. ಅಂಗಳಕ್ಕೆಲ್ಲ ಸಿಮೆಂಟ್ ಬಳಿಯುವ ಬದಲು ಒಂದಿಷ್ಟು ಮಣ್ಣು ಕಾಣಲು ಬಿಡಿ.

ತಗ್ಗಿನ ಜಾಗದಲ್ಲಿ ಬೇಸ್‌ಮೆಂಟ್ ಬೇಡ. ಈಗಾಗಲೇ ಇದ್ದರೆ ಮೀಟರ್ ಬೋರ್ಡು, ಜನರೇಟರು, ಲಿಫ್ಟಿನ ಪ್ಯಾನೆಲ್ ಎಲ್ಲವನ್ನೂ ಮೇಲಕ್ಕೆ ತನ್ನಿ. 2025ರ ಮೇ ತಿಂಗಳ ಮಳೆಯಲ್ಲಿ ಬಿಟಿಎಂ ಬಡಾವಣೆಯಲ್ಲಿ ಅಪಾರ್ಟ್‌ಮೆಂಟಿಗೆ ನುಗ್ಗಿದ ನೀರನ್ನು ಪಂಪಿನಿಂದ ತೆಗೆಯಲು ಹೋದಾಗ ವಿದ್ಯುತ್ ತಗುಲಿ ಇಬ್ಬರು ಸತ್ತರು, ಅದರಲ್ಲಿ ಒಬ್ಬ ಇನ್ನೂ ಹುಡುಗ. ಮೇನ್ ಸ್ವಿಚ್ ಆರಿಸದೆ, ಬೆಸ್ಕಾಂನವರಿಗೆ ಫೋನ್ ಮಾಡದೆ ಯಾರೂ ನೀರಿಗಿಳಿಯಬಾರದು. ಇದರಲ್ಲಿ ವಾದವೇ ಇಲ್ಲ. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ‘ಮೇಘ ಸಂದೇಶ’ ಆ್ಯಪಿನಲ್ಲಿ ಮಳೆಯ ಮುನ್ಸೂಚನೆ ಸಿಗುತ್ತದೆ. ಕ್ರಿಕೆಟ್ ಸ್ಕೋರ್ ನೋಡುವ ಫೋನಿನಲ್ಲಿ ಅದಕ್ಕೂ ಜಾಗ ಕೊಡಿ.

ಒತ್ತುವರಿಯ ಮಾತು

ಇದು ನೋವಿನ ಮಾತು, ಆದರೂ ಆಡಲೇಬೇಕು. ಒತ್ತುವರಿ ತೆರವು ಅಂದ ಕೂಡಲೇ ಜೆಸಿಬಿ ಮೊದಲು ಹೋಗುವುದು ಶೀಟಿನ ಮನೆಗಳ ಮುಂದೆ. ಕಾಂಪೌಂಡು ಗೋಡೆಗಳಿಗೆ ಕೋರ್ಟಿನ ತಡೆಯಾಜ್ಞೆ ಇರುತ್ತದೆ. ನೀವು ಇದಕ್ಕೆ ಚಪ್ಪಾಳೆ ತಟ್ಟಬೇಡಿ. ಭೂಮಾಪಕರು ಬಂದು ಎರಡೂ ದಂಡೆ ಅಳೆಯಲಿ, ಕಲ್ಲು ನೆಡಲಿ, ಅಳತೆಯಲ್ಲಿ ಯಾರದು ಬಂತೋ ಅವರದು ಹೋಗಲಿ. ನಿಮ್ಮ ಕ್ಲಬ್‌ಹೌಸೇ ಆಗಿದ್ದರೂ ಸರಿ. ಬೇರೆ ಮನೆಯಿಲ್ಲದವರಿಗೆ ಮೊದಲು ಸೂರು, ಆಮೇಲೆ ತೆರವು. ಇನ್ನೊಬ್ಬರ ಮನೆ ಒಡೆದಾಗ ನ್ಯಾಯ ಮಾತಾಡಿ, ನಿಮ್ಮ ಗೋಡೆಗೆ ಗೆರೆ ಎಳೆದಾಗ ವಕೀಲರನ್ನು ಹುಡುಕಿದರೆ ಕಾಲುವೆ ಎಂದಿಗೂ ಅಗಲವಾಗುವುದಿಲ್ಲ.

ಇಲಾಖೆಗಳದೂ ಒಂದು ಕಥೆ. ಕಾಲುವೆ ಪಾಲಿಕೆಯದು, ಕೊಳಚೆ ಜಲಮಂಡಳಿಯದು, ನಕ್ಷೆ ಕಂದಾಯದವರದು, ಲೇಔಟಿನ ಮಂಜೂರಾತಿ ಯೋಜನಾ ಪ್ರಾಧಿಕಾರದ್ದು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅಂದ ಹಾಗೆ ಮುಳುಗುವವರು ನೀವು. 2025ರ ಸೆಪ್ಟೆಂಬರಿನಿಂದ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ಪಾಲಿಕೆಗಳಾಗಿವೆ. ಕಣಿವೆಯೊಂದರ ನೀರು ಈಗ ಒಂದಕ್ಕಿಂತ ಹೆಚ್ಚು ಪಾಲಿಕೆಗಳ ಗಡಿ ದಾಟಿ ಹೋಗಬೇಕು. ಆದ್ದರಿಂದ ನಿಮ್ಮ ಅರ್ಜಿಯ ಪ್ರತಿ ನಿಮ್ಮ ಪಾಲಿಕೆಗಷ್ಟೇ ಅಲ್ಲ, ಗ್ರೇಟರ್ ಬೆಂಗಳೂರು ಪ್ರಾಧಿಕಾರಕ್ಕೂ ಜಲಮಂಡಳಿಗೂ ಹೋಗಲಿ. ಸ್ವೀಕೃತಿ ಸೀಲು ಹಾಕಿಸಿಕೊಳ್ಳದೆ ಬರಬೇಡಿ. ಅಧಿಕಾರಿಗಳ ಮೇಲೆ ರೇಗಾಡಬೇಡಿ, ಆದರೆ ತಿಂಗಳಿಗೊಮ್ಮೆ ನೆನಪಿಸದೆ ಇರಬೇಡಿ. ಅವರಲ್ಲೂ ಕೆಲಸ ಮಾಡಬೇಕೆನ್ನುವವರಿದ್ದಾರೆ, ಕೈಗೆ ಸರಿಯಾದ ಕಾಗದ ಕೊಟ್ಟರೆ ಅವರ ದಾರಿಯೂ ಸುಲಭವಾಗುತ್ತದೆ.

ಮುಂದಿನ ಸಂಘದ ಸಭೆಯಲ್ಲಿ ಗಣೇಶೋತ್ಸವದ ಚಂದಾ ವಿಷಯ ಎತ್ತುವ ಮುಂಚೆ ಇದನ್ನು ಎತ್ತಿಕೊಳ್ಳಿ. ಗ್ರಾಮ ನಕ್ಷೆ ತರುವ ಹೊಣೆ ಒಬ್ಬರಿಗೆ, ಕಾಲುವೆ ಉದ್ದಕ್ಕೂ ನಡೆದು ಅಳೆಯುವ ಹೊಣೆ ನಾಲ್ವರಿಗೆ, ಮೇಲಿನ ಮತ್ತು ಕೆಳಗಿನ ಬಡಾವಣೆಯವರನ್ನು ಕರೆಯುವ ಹೊಣೆ ಇಬ್ಬರಿಗೆ ಹಂಚಿ. ತಾರೀಖು ಬರೆದುಕೊಳ್ಳಿ. ಕೆಲಸಕ್ಕೆ ಒಳ್ಳೆಯ ಕಾಲ ಜನವರಿಯಿಂದ ಏಪ್ರಿಲ್, ಆದ್ದರಿಂದ ದಸರೆ ಮುಗಿಯುವುದರೊಳಗೆ ಕಾಗದಪತ್ರ ಸಿದ್ಧವಿರಬೇಕು. ಕೈ ಕೆಸರಾದರೆ ಬಾಯಿ ಮೊಸರು. ನೀವು ಬುದ್ಧಿವಂತರು, ಮನಸ್ಸು ಮಾಡಿದರೆ ಇಷ್ಟನ್ನೂ ಮಾಡಬಲ್ಲಿರಿ. ‘ಆಮೇಲೆ ನೋಡೋಣ’ ಅಂತ ಮಾತ್ರ ಹೇಳಬೇಡಿ.